ನೆಲ ಹೋದ ಮೇಲೆ ಕ್ಲಬ್ ಎಲ್ಲಿ ಉಳಿಯುತ್ತದೆ? ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ಬಿನ ಪ್ರಕರಣ

2002ರ ಮೇ 28ರಂದು ಇಂಗ್ಲೆಂಡಿನಲ್ಲಿ ಮೂರು ಜನರ ಸಮಿತಿಯೊಂದು ತೀರ್ಪು ಕೊಟ್ಟಿತು. ಇಬ್ಬರು ಹೌದು ಎಂದರು, ಒಬ್ಬರು ಬೇಡ ಎಂದರು. 113 ವರ್ಷ ಹಳೆಯ ಫುಟ್‌ಬಾಲ್ ಕ್ಲಬ್ಬೊಂದು ತನ್ನ ಊರು ಬಿಟ್ಟು ಸುಮಾರು 90 ಕಿಲೋಮೀಟರ್ ದೂರದ ಇನ್ನೊಂದು ಊರಿಗೆ ಹೋಗಬಹುದು ಎಂದು ತೀರ್ಮಾನವಾಯಿತು. ಕ್ಲಬ್ಬಿನ ಹೆಸರು ವಿಂಬಲ್ಡನ್. ಹೋಗಬೇಕಿದ್ದ ಊರು ಮಿಲ್ಟನ್ ಕೀನ್ಸ್.

ಈ ಕಥೆ ಹೇಳುವವರು ಸಾಮಾನ್ಯವಾಗಿ ಆ ದಿನದಿಂದಲೇ ಶುರು ಮಾಡುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ತೀರ್ಪಿನ ದಿನ ಎಲ್ಲರಿಗೂ ಎದ್ದು ಕಂಡಿತು, ನಿಜ. ಆದರೆ ಕ್ಲಬ್ ಕೈತಪ್ಪಿದ್ದು ಅದಕ್ಕೂ ಬಹಳ ಮೊದಲು, ಅದರ ಮೈದಾನ ಕೈತಪ್ಪಿದಾಗ. ಹಾಗಾಗಿ ಈ ಪ್ರಕರಣವನ್ನು ಮೈದಾನದ ಜಾಡು ಹಿಡಿದೇ ನೋಡಬೇಕು.

ಪ್ಲೌ ಲೇನ್‌ನ ದಿನಗಳು

ವಿಂಬಲ್ಡನ್ ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಟೆನಿಸ್. ಲಂಡನ್ನಿನ ಅದೇ ಬಡಾವಣೆಯಲ್ಲಿ 1889ರಲ್ಲಿ ಸೆಂಟ್ರಲ್ ಸ್ಕೂಲ್ ಎಂಬ ಶಾಲೆಯ ಹಳೆಯ ಹುಡುಗರು ಸೇರಿ ಒಂದು ಫುಟ್‌ಬಾಲ್ ತಂಡ ಕಟ್ಟಿದರು. ಮೊದಲ ಹೆಸರು ವಿಂಬಲ್ಡನ್ ಓಲ್ಡ್ ಸೆಂಟ್ರಲ್ಸ್. ಆಡುತ್ತಿದ್ದದ್ದು ವಿಂಬಲ್ಡನ್ ಕಾಮನ್ ಎಂಬ ಊರ ಬಯಲಿನಲ್ಲಿ. 1912ರಲ್ಲಿ ಅವರಿಗೆ ಪ್ಲೌ ಲೇನ್ ಎಂಬ ರಸ್ತೆಯಲ್ಲಿ ಸ್ವಂತ ಮೈದಾನ ಸಿಕ್ಕಿತು.

ಮುಂದಿನ ಐವತ್ತು ವರ್ಷ ಇದು ಹವ್ಯಾಸಿ ಕ್ಲಬ್. ಆಟಗಾರರು ಹಗಲು ಕೆಲಸಕ್ಕೆ ಹೋಗಿ, ಸಂಜೆ ಅಭ್ಯಾಸ ಮಾಡಿ, ಶನಿವಾರ ಆಡುತ್ತಿದ್ದರು. 1963ರಲ್ಲಿ ಹವ್ಯಾಸಿಗಳ ದೊಡ್ಡ ಪ್ರಶಸ್ತಿಯಾದ ಅಮೆಚೂರ್ ಕಪ್ ಗೆದ್ದರು. ವೆಂಬ್ಲಿಯಲ್ಲಿ ನಡೆದ ಫೈನಲ್‌ನಲ್ಲಿ ಸಟನ್ ಯುನೈಟೆಡ್ ವಿರುದ್ಧ 4-2 ಗೆಲುವು. ನಾಲ್ಕೂ ಗೋಲು ಎಡ್ಡಿ ರೆನಾಲ್ಡ್ಸ್ ಎಂಬ ಒಬ್ಬನೇ ಆಟಗಾರನದು, ನಾಲ್ಕೂ ತಲೆಯಿಂದ ಹೊಡೆದದ್ದು! ಮರುವರ್ಷ ಕ್ಲಬ್ ವೃತ್ತಿಪರವಾಯಿತು.

ದೇಶವೆಲ್ಲ ಈ ಹೆಸರು ಕೇಳಿದ್ದು 1975ರಲ್ಲಿ. ಆಗ ವಿಂಬಲ್ಡನ್ ಇನ್ನೂ ಫುಟ್‌ಬಾಲ್ ಲೀಗ್‌ನ, ಅಂದರೆ ನಾಲ್ಕು ಡಿವಿಷನ್‌ಗಳ ರಾಷ್ಟ್ರೀಯ ವೃತ್ತಿಪರ ಲೀಗ್‌ನ, ಹೊರಗಿನ ತಂಡ. ಸಣ್ಣ ದೊಡ್ಡ ಕ್ಲಬ್ಬುಗಳೆಲ್ಲ ಆಡುವ ನಾಕೌಟ್ ಟೂರ್ನಿ ಎಫ್‌ಎ ಕಪ್‌ನಲ್ಲಿ, ಆಗಿನ ಅತಿ ಮೇಲಿನ ಹಂತವಾದ ಮೊದಲ ಡಿವಿಷನ್ನಿನ ಬರ್ನ್ಲಿ ತಂಡವನ್ನು ಅವರದೇ ಮೈದಾನದಲ್ಲಿ 1-0ರಿಂದ ಸೋಲಿಸಿತು. ಮುಂದಿನ ಸುತ್ತಿನಲ್ಲಿ ಎದುರಾದದ್ದು ಲೀಡ್ಸ್ ಯುನೈಟೆಡ್, ಆಗಿನ ಲೀಗ್ ಚಾಂಪಿಯನ್. ಲೀಡ್ಸ್‌ನ ಪೀಟರ್ ಲೋರಿಮರ್ ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ಡಿಕ್ಕಿ ಗೈ ತಡೆದ. ಪಂದ್ಯ 0-0. ಮರುಪಂದ್ಯದಲ್ಲಿ ಒಂದೇ ಗೋಲಿನಿಂದ ಸೋತರು, ಆದರೆ ಆ ಪೆನಾಲ್ಟಿಯನ್ನು ಯಾರೂ ಮರೆಯಲಿಲ್ಲ. ಡಿಕ್ಕಿ ಗೈ ಹೆಸರು ಈ ಕಥೆಯಲ್ಲಿ ಇನ್ನೊಮ್ಮೆ ಬರುತ್ತದೆ.

ಆಗ ಲೀಗ್ ಸೇರಲು ಬರೀ ಗೆದ್ದರೆ ಸಾಲುತ್ತಿರಲಿಲ್ಲ. ಒಳಗಿರುವ ಕ್ಲಬ್ಬುಗಳು ಮತ ಹಾಕಿ ಸೇರಿಸಿಕೊಳ್ಳಬೇಕಿತ್ತು. ವಿಂಬಲ್ಡನ್ ಮೂರು ವರ್ಷ ಸತತ ಸದರ್ನ್ ಲೀಗ್ ಗೆದ್ದ ಮೇಲೆ, 1977ರಲ್ಲಿ, ವರ್ಕಿಂಗ್ಟನ್ ಕ್ಲಬ್ಬಿನ ಜಾಗ ಇವರಿಗೆ ಸಿಕ್ಕಿತು. ಅಲ್ಲಿಂದ ಮುಂದಿನದು ನಂಬಲು ಕಷ್ಟವಾಗುವ ಓಟ. 1983ರಲ್ಲಿ ನಾಲ್ಕನೇ ಡಿವಿಷನ್ನಿನ ಚಾಂಪಿಯನ್, 1984ರಲ್ಲಿ ಮೂರನೆಯದರಿಂದ ಮೇಲಕ್ಕೆ, 1986ರಲ್ಲಿ ಮೊದಲ ಡಿವಿಷನ್‌ಗೆ. ಮ್ಯಾನೇಜರ್ ಡೇವ್ ಬ್ಯಾಸೆಟ್, 1975ರ ಆ ತಂಡದಲ್ಲಿ ಆಡಿದ್ದವನೇ. ದುಡ್ಡಿಲ್ಲದ ಕ್ಲಬ್. ಚೆಂಡನ್ನು ಉದ್ದಕ್ಕೆ ಎತ್ತಿ ಹೊಡೆಯುವ ಆಟ, ಮೈಮೇಲೆ ಬೀಳುವ ಆಟ. ಪತ್ರಿಕೆಗಳು ಬೈದವು. ಆಟಗಾರರಿಗೆ 'ಕ್ರೇಜಿ ಗ್ಯಾಂಗ್' ಎಂಬ ಅಡ್ಡಹೆಸರು ಅಂಟಿತು. ಮುಂದೆ ಹಾಲಿವುಡ್ ನಟನಾದ ವಿನ್ನಿ ಜೋನ್ಸ್ ಇದೇ ತಂಡದವನು. ಇಲ್ಲಿಗೆ ಬರುವ ಮುಂಚೆ ಕಟ್ಟಡ ಕೆಲಸದಲ್ಲಿ ಇಟ್ಟಿಗೆ ಹೊರುತ್ತಿದ್ದ.

1988ರ ಮೇ 14ರಂದು ಎಫ್‌ಎ ಕಪ್ ಫೈನಲ್. ಎದುರಾಳಿ ಲಿವರ್‌ಪೂಲ್, ಆ ವರ್ಷದ ಲೀಗ್ ಚಾಂಪಿಯನ್. ಲಾರಿ ಸಾಂಚೆಜ್ ತಲೆಯಿಂದ ಒಂದು ಗೋಲು ಹೊಡೆದ. ದ್ವಿತೀಯಾರ್ಧದಲ್ಲಿ ಲಿವರ್‌ಪೂಲ್‌ಗೆ ಪೆನಾಲ್ಟಿ ಸಿಕ್ಕಿತು. ಜಾನ್ ಆಲ್ಡ್ರಿಜ್ ಹೊಡೆದದ್ದನ್ನು ನಾಯಕ, ಗೋಲ್‌ಕೀಪರ್ ಡೇವ್ ಬೀಸಂಟ್ ಎಡಕ್ಕೆ ಹಾರಿ ತಡೆದ. ವೆಂಬ್ಲಿಯ ಎಫ್‌ಎ ಕಪ್ ಫೈನಲ್‌ನಲ್ಲಿ ಪೆನಾಲ್ಟಿಯೊಂದು ತಡೆಯಲ್ಪಟ್ಟದ್ದು ಅದೇ ಮೊದಲು. 1-0. ಲೀಗ್ ಸೇರಿ ಹನ್ನೊಂದೇ ವರ್ಷಕ್ಕೆ ಕಪ್ ಕೈಗೆ ಬಂತು.

ಮನೆ ಬಿಟ್ಟದ್ದು

ಮರುವರ್ಷ, 1989ರ ಏಪ್ರಿಲ್‌ನಲ್ಲಿ ಹಿಲ್ಸ್‌ಬರೋ ದುರಂತ ನಡೆಯಿತು. ಕಾಲ್ತುಳಿತದಂಥ ನೂಕುನುಗ್ಗಲಿನಲ್ಲಿ ಲಿವರ್‌ಪೂಲ್‌ನ 97 ಅಭಿಮಾನಿಗಳು ಸತ್ತರು. 1990ರ ಟೇಲರ್ ವರದಿ, ದೊಡ್ಡ ಡಿವಿಷನ್‌ಗಳ ಮೈದಾನಗಳಲ್ಲಿ ನಿಂತು ನೋಡುವ ಜಾಗ ತೆಗೆದು ಎಲ್ಲರಿಗೂ ಕುರ್ಚಿ ಹಾಕಬೇಕು ಎಂದಿತು. ಅದು ಬೇಕಾಗಿದ್ದ ಸುಧಾರಣೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ಲೌ ಲೇನ್ ಹಳೆಯದು, ಇಕ್ಕಟ್ಟಾದದ್ದು. ಅದನ್ನು ಸರಿಪಡಿಸುವುದು ಆಗದ ಮಾತು ಎಂದು ಕ್ಲಬ್ಬಿನ ಆಡಳಿತ ಹೇಳಿತು. 1991ರಲ್ಲಿ ತಂಡ ಅಲ್ಲಿಂದ ಹೊರಟು ಕ್ರಿಸ್ಟಲ್ ಪ್ಯಾಲೆಸ್ ಕ್ಲಬ್ಬಿನ ಸೆಲ್‌ಹರ್ಸ್ಟ್ ಪಾರ್ಕಿಗೆ ಬಾಡಿಗೆಗೆ ಹೋಯಿತು. ತಾತ್ಕಾಲಿಕ ಎಂದರು. ಹನ್ನೆರಡು ವರ್ಷ ಅಲ್ಲೇ ಕಳೆಯಿತು.

ನನ್ನ ಪ್ರಕಾರ ಪ್ರಕರಣದ ತಿರುವು ಇದೇ. ಮೈದಾನ ಬರೀ ಆಡುವ ಜಾಗ ಅಲ್ಲ, ಅಲ್ವಾ? ಟಿಕೆಟ್ ದುಡ್ಡು, ತಿಂಡಿ ಅಂಗಡಿಯ ದುಡ್ಡು, ಜಾಹೀರಾತು ಹಲಗೆಯ ದುಡ್ಡು ಎಲ್ಲ ಅದರಿಂದಲೇ ಬರಬೇಕು. ಬ್ಯಾಂಕಿನಲ್ಲಿ ಸಾಲ ಕೇಳಲು ತೋರಿಸುವ ಆಸ್ತಿಯೂ ಅದೇ. ಬಾಡಿಗೆದಾರನಿಗೆ ಇದ್ಯಾವುದೂ ಪೂರ್ತಿ ಸಿಗುವುದಿಲ್ಲ. ಜೊತೆಗೆ ನಡೆದುಕೊಂಡು ಪಂದ್ಯಕ್ಕೆ ಬರುತ್ತಿದ್ದವರು ಈಗ ಲಂಡನ್ನಿನ ಟ್ರಾಫಿಕ್ ದಾಟಿ ಇನ್ನೊಬ್ಬರ ಮನೆಗೆ ಹೋಗಬೇಕು. 1993ರ ಜನವರಿಯಲ್ಲಿ ಎವರ್ಟನ್ ವಿರುದ್ಧದ ಪ್ರೀಮಿಯರ್ ಲೀಗ್ ಪಂದ್ಯಕ್ಕೆ ಬಂದವರು 3,039 ಜನ. ಬಾಗಿಲು ಮುಚ್ಚಿ ಆಡಿದ ಕೊರೊನಾ ಕಾಲ ಬಿಟ್ಟರೆ ಆ ಲೀಗ್‌ನ ಇತಿಹಾಸದಲ್ಲೇ ಅತಿ ಕಡಿಮೆ ಜನ ಸೇರಿದ ಪಂದ್ಯ ಅದು.

ಆಗಿನ ಮಾಲೀಕ ಸ್ಯಾಮ್ ಹಮ್ಮಾಮ್. ಲೆಬನಾನ್ ಮೂಲದ ಉದ್ಯಮಿ, ತಂಡ ಮೇಲೇರಿದ ವರ್ಷಗಳಲ್ಲಿ ಜನರಿಗೆ ತುಂಬ ಹತ್ತಿರವಾಗಿದ್ದವನು. ಹೊಸ ಮೈದಾನಕ್ಕೆ ಜಾಗ ಹುಡುಕುವ ವಿಷಯದಲ್ಲಿ ಅವನಿಗೂ ಸ್ಥಳೀಯ ಮರ್ಟನ್ ಕೌನ್ಸಿಲ್ಲಿಗೂ ಹೊಂದಲಿಲ್ಲ. ತಪ್ಪು ನಿನ್ನದು, ನಿನ್ನದು ಎನ್ನುವುದರಲ್ಲೇ ವರ್ಷಗಳು ಹೋದವು. ಮಧ್ಯೆ ಕ್ಲಬ್ಬನ್ನು ಐರ್ಲೆಂಡಿನ ಡಬ್ಲಿನ್‌ಗೆ ಒಯ್ಯುವ ಮಾತೂ ಬಂತು. ಪ್ಲೌ ಲೇನ್ ಜಾಗವನ್ನು ಕ್ರೀಡೆಗೆ ಮಾತ್ರ ಬಳಸಬೇಕು ಎಂಬ ಹಳೆಯ ಷರತ್ತೊಂದಿತ್ತು, ಅದೂ ತೆರವಾಯಿತು. 1997ರಲ್ಲಿ ಕ್ಲಬ್ ನಾರ್ವೆಯ ಇಬ್ಬರು ಉದ್ಯಮಿಗಳ ಕೈಗೆ ಹೋಯಿತು. 1998ರಲ್ಲಿ ಹಮ್ಮಾಮ್ ಪ್ಲೌ ಲೇನ್ ನೆಲವನ್ನು ಸೇಫ್‌ವೇ ಎಂಬ ಸೂಪರ್‌ಮಾರ್ಕೆಟ್ ಕಂಪನಿಗೆ ಮಾರಿದ.

ಕ್ಲಬ್ ಒಬ್ಬರ ಕೈಯಲ್ಲಿ, ಅದರ ನೆಲ ಇನ್ನೊಬ್ಬರ ಕೈಯಲ್ಲಿ. ಇದಾದ ಮೇಲೆ ವಿಂಬಲ್ಡನ್ ಬಳಿ ಮಾರಲು ಉಳಿದದ್ದು ಒಂದೇ, ಲೀಗ್‌ನಲ್ಲಿ ಅದಕ್ಕಿದ್ದ ಸ್ಥಾನ. ಆ ಸ್ಥಾನಕ್ಕೆ ಗಿರಾಕಿ ಇದ್ದ.

ಮೂವರ ತೀರ್ಪು

ಮಿಲ್ಟನ್ ಕೀನ್ಸ್ 1967ರಲ್ಲಿ ಸರ್ಕಾರವೇ ಯೋಜನೆ ಹಾಕಿ ಕಟ್ಟಲು ಹೊರಟ ಹೊಸ ನಗರ. ಜನ ಬಂದರು, ಕಂಪನಿಗಳು ಬಂದವು, ಆದರೆ ದೊಡ್ಡ ಫುಟ್‌ಬಾಲ್ ತಂಡ ಇರಲಿಲ್ಲ. ಪೀಟ್ ವಿಂಕಲ್‌ಮನ್ ಎಂಬ ಸಂಗೀತ ಉದ್ಯಮದ ವ್ಯಕ್ತಿ ಅಲ್ಲಿ ಒಂದು ದೊಡ್ಡ ಸ್ಟೇಡಿಯಂ ಯೋಜನೆ ಮುಂದಿಟ್ಟ. ಅದರ ಜೊತೆ ಆಸ್ಡಾ, ಐಕಿಯಾದಂಥ ದೊಡ್ಡ ಮಳಿಗೆಗಳು. ಸ್ಟೇಡಿಯಂ ಇದ್ದರೆ ಮಳಿಗೆಗಳಿಗೆ ಅನುಮತಿ ಸುಲಭ, ಸ್ಟೇಡಿಯಂ ಇರಬೇಕಾದರೆ ಅದರಲ್ಲಿ ಆಡಲು ಲೀಗ್ ತಂಡ ಬೇಕು. ಊರಿನ ಸಣ್ಣ ತಂಡವನ್ನು ಕೆಳಗಿನಿಂದ ಬೆಳೆಸಲು ಹತ್ತಾರು ವರ್ಷ ಹಿಡಿಯುತ್ತದೆ. ಲೂಟನ್ ಸೇರಿ ಕೆಲವು ಕ್ಲಬ್ಬುಗಳನ್ನು ಕೇಳಿ ನೋಡಿದ, ಆಗಲಿಲ್ಲ.

ಅಷ್ಟರಲ್ಲಿ ವಿಂಬಲ್ಡನ್ 2000ದ ಮೇ 14ರಂದು ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದಿತ್ತು. ಕಪ್ ಗೆದ್ದು ಸರಿಯಾಗಿ ಹನ್ನೆರಡು ವರ್ಷದ ದಿನ. ಟಿವಿ ದುಡ್ಡು ನಿಂತಿತು, ನಷ್ಟ ಏರಿತು. 2001ರ ಆಗಸ್ಟ್‌ನಲ್ಲಿ ಕ್ಲಬ್ಬಿನ ಅಧ್ಯಕ್ಷ ಚಾರ್ಲ್ಸ್ ಕೋಪೆಲ್ ಮಿಲ್ಟನ್ ಕೀನ್ಸ್‌ಗೆ ಹೋಗುವ ತೀರ್ಮಾನ ಪ್ರಕಟಿಸಿದರು. ಫುಟ್‌ಬಾಲ್ ಲೀಗ್ ಮೊದಲು ಒಪ್ಪಲಿಲ್ಲ. ಕ್ಲಬ್ ತನ್ನ ಊರಿನಲ್ಲೇ ಆಡಬೇಕೆಂಬುದು ಲೀಗ್‌ನ ನಿಯಮ. ಕ್ಲಬ್ ಮೇಲ್ಮನವಿ ಹಾಕಿತು. ಲೀಗ್ ಈ ವಿಷಯವನ್ನು ಸರಿಯಾಗಿ ಪರಿಶೀಲಿಸಿಲ್ಲ ಎಂದು ಮಧ್ಯಸ್ಥರ ಮಂಡಳಿ ಹೇಳಿತು. ಕೊನೆಗೆ ಇಂಗ್ಲೆಂಡಿನ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಎಫ್‌ಎ ಮೂವರ ಸಮಿತಿ ನೇಮಿಸಿತು. ವಕೀಲ ರಾಜ್ ಪಾರ್ಕರ್, ಆಸ್ಟನ್ ವಿಲ್ಲಾ ಕ್ಲಬ್ಬಿನ ಸ್ಟೀವ್ ಸ್ಟ್ರೈಡ್, ಇಸ್ತ್ಮಿಯನ್ ಲೀಗ್‌ನ ಅಲನ್ ಟರ್ವೆ.

ಸಮಿತಿಯ ವಾದವನ್ನು ತಳ್ಳಿಹಾಕುವ ಮುಂಚೆ ಕೇಳಿಸಿಕೊಳ್ಳಬೇಕು. ಕ್ಲಬ್ ಪ್ರತಿ ವರ್ಷ ನಷ್ಟದಲ್ಲಿದೆ, ಮಾಲೀಕರು ಇನ್ನು ದುಡ್ಡು ಹಾಕುವುದಿಲ್ಲ, ಮರ್ಟನ್‌ನಲ್ಲಿ ಜಾಗ ಸಿಗುವಂತಿಲ್ಲ. ಬಿಡದಿದ್ದರೆ ಕ್ಲಬ್ ಮುಚ್ಚಿಹೋಗುತ್ತದೆ, ಹಾಗಾಗಿ ಇದು ಅಪರೂಪದ ಸಂದರ್ಭ. ಲೆಕ್ಕದ ಪುಸ್ತಕ ಮಾತ್ರ ನೋಡಿದರೆ ಇದು ಒಪ್ಪುವಂಥದ್ದೇ. ಕ್ಲಬ್ಬಿನ ಸ್ಥಿತಿಯನ್ನು ಅವರು ತಪ್ಪಾಗಿ ಓದಲಿಲ್ಲ. ಆದರೆ ಕ್ಲಬ್ ಎಂದರೆ ಕಂಪನಿ ಎಂದುಕೊಂಡು ಉಳಿಸಲು ಹೊರಟರು. ಊರಿನಿಂದ ಕಿತ್ತ ಮೇಲೆ ಉಳಿಯುವುದು ಬರೀ ಕಂಪನಿ ಎಂಬುದು ಅವರ ಗಮನಕ್ಕೆ ಬರಲಿಲ್ಲ.

ಅಭಿಮಾನಿಗಳು ಸಮಿತಿಯ ಮುಂದೆ ಇನ್ನೊಂದು ದಾರಿ ಇಟ್ಟಿದ್ದರು. ಕಂಪನಿ ಮುಳುಗಿದರೆ ಮುಳುಗಲಿ, ನಾವು ಕೆಳಗಿನಿಂದ ಮತ್ತೆ ಕಟ್ಟುತ್ತೇವೆ ಎಂದು. ಹಾಗೆ ಹೊಸ ಕ್ಲಬ್ ಕಟ್ಟುವುದು ಫುಟ್‌ಬಾಲಿನ ವಿಶಾಲ ಹಿತಕ್ಕೆ ತಕ್ಕದ್ದಲ್ಲ ಎಂದು ಸಮಿತಿ ಬರೆಯಿತು. ವಿಂಬಲ್ಡನ್‌ನ ಅಭಿಮಾನಿಗಳಿಗೆ ಇಂದಿಗೂ ಈ ವಾಕ್ಯ ಬಾಯಿಪಾಠ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಊರ ಜನ ತಮ್ಮ ಕೈಯಾರೆ ಕ್ಲಬ್ ಕಟ್ಟುವುದಕ್ಕಿಂತ ಫುಟ್‌ಬಾಲಿಗೆ ಹಿತವಾದದ್ದು ಇನ್ನೇನಿದೆ?

ಬಯಲಿನಿಂದ ಮತ್ತೆ

ತೀರ್ಪು ಬಂದ ಎರಡೇ ದಿನಕ್ಕೆ ಅಭಿಮಾನಿಗಳು ವಿಂಬಲ್ಡನ್‌ನಲ್ಲಿ ಸಭೆ ಸೇರಿದರು. ಇನ್ನೂ ಕೋರ್ಟು ಕಚೇರಿ ಅಲೆಯುವುದಾ, ಇಲ್ಲ ಹೊಸ ತಂಡ ಕಟ್ಟುವುದಾ? ಮುಂದೆ ಹೊಸ ಕ್ಲಬ್ಬಿನ ಮೊದಲ ಅಧ್ಯಕ್ಷನಾದ ಕ್ರಿಸ್ ಸ್ಟೂವರ್ಟ್, ತನಗೆ ಜಗಳ ಸಾಕಾಗಿದೆ, ಫುಟ್‌ಬಾಲ್ ನೋಡಬೇಕಷ್ಟೇ ಎಂದ. ಸಭೆ ಒಪ್ಪಿತು. ಹೊಸ ಕ್ಲಬ್ಬಿಗೆ ಎಎಫ್‌ಸಿ ವಿಂಬಲ್ಡನ್ ಎಂದು ಹೆಸರಿಟ್ಟರು.

ಆಟಗಾರರು ಎಲ್ಲಿ? ಯಾರು ಬೇಕಾದರೂ ಬನ್ನಿ ಎಂದು ಕರೆ ಕೊಟ್ಟರು. ಜೂನ್ 29ರಂದು ವಿಂಬಲ್ಡನ್ ಕಾಮನ್‌ನಲ್ಲಿ, 1889ರ ಹುಡುಗರು ಆಡುತ್ತಿದ್ದ ಅದೇ ಬಯಲಿನಲ್ಲಿ, ಆಯ್ಕೆ ನಡೆಯಿತು. ಸುಮಾರು 230 ಜನ ಬೂಟು ಹಿಡಿದು ಬಂದರು. ಜುಲೈ 10ರಂದು ಸಟನ್ ಯುನೈಟೆಡ್ ವಿರುದ್ಧ ಮೊದಲ ಸ್ನೇಹಪಂದ್ಯ. 4-0 ಸೋಲು. ಆದರೆ ನೋಡಲು ಬಂದವರು 4,657! ಜನ ಜಾಸ್ತಿಯಾಗಿ ಪಂದ್ಯ ತಡವಾಗಿ ಶುರುವಾಯಿತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಹಳೆಯ ಕ್ಲಬ್ ಇನ್ನೂ ಸೆಲ್‌ಹರ್ಸ್ಟ್ ಪಾರ್ಕಿನಲ್ಲೇ ರಾದರಮ್ ವಿರುದ್ಧ ಆಡಿತು. ಎರಡನೇ ಹಂತದ ವೃತ್ತಿಪರ ಪಂದ್ಯ. ಬಂದವರು 849. ಏಳು ಹಂತ ಕೆಳಗೆ, ಕಂಬೈನ್ಡ್ ಕೌಂಟೀಸ್ ಲೀಗ್‌ನಲ್ಲಿ, ಎಎಫ್‌ಸಿ ವಿಂಬಲ್ಡನ್ ಪಂದ್ಯಗಳಿಗೆ ಸರಾಸರಿ 3 ಸಾವಿರ ಜನ ಬರುತ್ತಿದ್ದರು. ಕ್ಲಬ್ ಎಲ್ಲಿದೆ ಎಂಬ ಪ್ರಶ್ನೆಗೆ ಊರಿನವರು ಕಾಲಿನಿಂದಲೇ ಉತ್ತರ ಕೊಟ್ಟರು.

ಹಳೆಯ ಕ್ಲಬ್ಬಿನ ಗತಿ ಬೇಗ ಹೇಳಿಬಿಡುತ್ತೇನೆ. ದಿವಾಳಿ ತಪ್ಪಿಸಲು ಸ್ಥಳಾಂತರ ಎಂದಿದ್ದರಲ್ಲ, ತೀರ್ಪು ಬಂದು ಒಂದೇ ವರ್ಷಕ್ಕೆ, 2003ರ ಜೂನ್‌ನಲ್ಲಿ, ಅದು ಸಾಲ ತೀರಿಸಲಾಗದೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಮಿಲ್ಟನ್ ಕೀನ್ಸ್‌ನ ಹಾಕಿ ಸ್ಟೇಡಿಯಂನಲ್ಲಿ ಆಡತೊಡಗಿತು. ಮರುವರ್ಷ ಪಟ್ಟಿಯ ತಳ ಸೇರಿ ಕೆಳಗಿಳಿಯಿತು. 2004ರಲ್ಲಿ ವಿಂಕಲ್‌ಮನ್ ಕೊಂಡುಕೊಂಡು ಮಿಲ್ಟನ್ ಕೀನ್ಸ್ ಡಾನ್ಸ್ ಎಂದು ಹೆಸರು ಬದಲಿಸಿದ. 'ಡಾನ್ಸ್' ಎಂಬುದು ವಿಂಬಲ್ಡನ್ ತಂಡದ ಹಳೆಯ ಅಡ್ಡಹೆಸರು.

ಹೊಸ ಕ್ಲಬ್ಬಿನವರು ಹಳೆಯ ಪಾಠ ಮರೆಯಲಿಲ್ಲ. ಕ್ಲಬ್ಬಿನ ಒಡೆತನ ಡಾನ್ಸ್ ಟ್ರಸ್ಟ್ ಎಂಬ ಅಭಿಮಾನಿಗಳ ಸಂಘದ ಕೈಯಲ್ಲಿ. ಯಾರು ಎಷ್ಟೇ ದುಡ್ಡು ಕೊಟ್ಟಿರಲಿ, ಒಬ್ಬರಿಗೆ ಒಂದೇ ಮತ. ಶುರುವಾದ ಮರುವರ್ಷವೇ ದುಡ್ಡು ಕೂಡಿಸಿ, ಸಾಲ ಮಾಡಿ ಪಕ್ಕದ ಕಿಂಗ್‌ಸ್ಟನ್‌ನ ಕಿಂಗ್ಸ್‌ಮೆಡೋ ಮೈದಾನ ಕೈಗೆ ತೆಗೆದುಕೊಂಡರು. ಸಣ್ಣ ಲೀಗ್‌ನ ತಂಡಕ್ಕೆ ಅಷ್ಟು ದೊಡ್ಡ ಸಾಲ ಯಾಕೆ ಎಂದು ಯಾರಿಗಾದರೂ ಅನ್ನಿಸಬಹುದು. 1991ರ ನಂತರ ಏನಾಯಿತು ಎಂದು ಕಂಡವರು ಹಾಗೆ ಕೇಳಲಾರರು. 1975ರ ಗೋಲ್‌ಕೀಪರ್ ಡಿಕ್ಕಿ ಗೈ ಕ್ಲಬ್ಬಿನ ಗೌರವಾಧ್ಯಕ್ಷನಾದ.

ಆಟದಲ್ಲೂ ಏರಿದರು. 2003ರ ಫೆಬ್ರವರಿಯಿಂದ 2004ರ ಡಿಸೆಂಬರ್‌ವರೆಗೆ ಲೀಗ್‌ನ 78 ಪಂದ್ಯ ಸೋಲಿಲ್ಲದೆ ಆಡಿದ್ದು ಇಂಗ್ಲಿಷ್ ಸೀನಿಯರ್ ಫುಟ್‌ಬಾಲಿನ ದಾಖಲೆ. 2004, 2005, 2008, 2009, ಹೀಗೆ ಒಂದೊಂದೇ ಹಂತ ಮೇಲಕ್ಕೆ. 2011ರ ಮೇ 21ರಂದು ಮ್ಯಾಂಚೆಸ್ಟರ್‌ನಲ್ಲಿ ಲೂಟನ್ ವಿರುದ್ಧ ಪ್ಲೇಆಫ್ ಫೈನಲ್. 0-0 ಆಗಿ ಪೆನಾಲ್ಟಿಗೆ ಹೋಯಿತು. ಗೋಲ್‌ಕೀಪರ್ ಸೆಬ್ ಬ್ರೌನ್ ಎರಡನ್ನು ತಡೆದ, ಕೊನೆಯದನ್ನು ನಾಯಕ ಡ್ಯಾನಿ ಕೆಡ್ವೆಲ್ ಗೋಲಿಗೆ ಹೊಡೆದ. ಒಂಬತ್ತೇ ವರ್ಷದಲ್ಲಿ ಕ್ಲಬ್ ಫುಟ್‌ಬಾಲ್ ಲೀಗ್ ಸೇರಿತು. 21ನೇ ಶತಮಾನದಲ್ಲಿ ಹುಟ್ಟಿ ಅಲ್ಲಿಗೆ ಮುಟ್ಟಿದ ಮೊದಲ ಕ್ಲಬ್ ಇದು. 2016ರಲ್ಲಿ ಪ್ಲಿಮತ್ ತಂಡವನ್ನು ವೆಂಬ್ಲಿಯಲ್ಲಿ 2-0ರಿಂದ ಸೋಲಿಸಿ ಮೂರನೇ ಹಂತವಾದ ಲೀಗ್ ಒನ್‌ಗೆ ಏರಿತು.

ಎರಡು ಕ್ಲಬ್ಬುಗಳು, ಒಂದು ಇತಿಹಾಸ

1988ರ ಕಪ್ ಯಾರದು? ಕಾಗದದ ಮೇಲೆ ಮಿಲ್ಟನ್ ಕೀನ್ಸ್‌ನದು, ಯಾಕೆಂದರೆ ಕಂಪನಿ ಅದೇ. ಕೊನೆಗೆ 2007ರಲ್ಲಿ, ಅಭಿಮಾನಿ ಸಂಘಗಳ ಒಕ್ಕೂಟ ಮಧ್ಯೆ ನಿಂತು ಮಾತುಕತೆ ನಡೆಸಿದ ಮೇಲೆ, ಮಿಲ್ಟನ್ ಕೀನ್ಸ್ ಆ ಇತಿಹಾಸವನ್ನು ಬಿಟ್ಟುಕೊಟ್ಟಿತು. ಕಪ್ಪಿನ ಪ್ರತಿಕೃತಿ ಮತ್ತು ಉಳಿದ ನೆನಪಿನ ವಸ್ತುಗಳು ಮರ್ಟನ್‌ಗೆ ವಾಪಸ್ ಬಂದವು. 2004ಕ್ಕಿಂತ ಹಿಂದಿನದು ತಮ್ಮದಲ್ಲ ಎಂದು ಆ ಕ್ಲಬ್ ಒಪ್ಪಿತು. ಇದು ದೊಡ್ಡ ಮನಸ್ಸಿನ ಕೆಲಸ ಎಂದೇ ಹೇಳಬೇಕು. 'ಡಾನ್ಸ್' ಎಂಬ ಹೆಸರು ಮಾತ್ರ ಇನ್ನೂ ಉಳಿದಿದೆ, ಅದರ ಬಗ್ಗೆ ವಿಂಬಲ್ಡನ್‌ನವರ ಬೇಸರವೂ ಉಳಿದಿದೆ.

ಇಲ್ಲಿ ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮಿಲ್ಟನ್ ಕೀನ್ಸ್‌ನಲ್ಲಿ ಹುಟ್ಟಿ ಬೆಳೆದು ಆ ತಂಡವನ್ನು ಪ್ರೀತಿಸುವ ಹುಡುಗ ಹುಡುಗಿಯರು ಯಾರಿಗೂ ಮೋಸ ಮಾಡಿಲ್ಲ. 2014ರಲ್ಲಿ ಲೀಗ್ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 4-0ರಿಂದ ಸೋಲಿಸಿದಾಗ ಅವರು ಪಟ್ಟ ಸಂತೋಷ ಅವರದೇ. ಅಲ್ಲಿನ ಅಕಾಡೆಮಿಯಲ್ಲೇ ಬೆಳೆದ ಡೆಲೆ ಆಲಿ ಇಂಗ್ಲೆಂಡ್ ತಂಡಕ್ಕೆ ಆಡಿದ. ತಪ್ಪು ನಡೆದದ್ದು ತೀರ್ಮಾನ ಮಾಡುವವರ ಕೋಣೆಯಲ್ಲಿ, ಊರಿನ ಜನರಿಂದಲ್ಲ.

ಎರಡು ಕ್ಲಬ್ಬುಗಳು ಮೊದಲ ಸಲ ಎದುರಾದದ್ದು 2012ರ ಡಿಸೆಂಬರ್‌ನಲ್ಲಿ, ಎಫ್‌ಎ ಕಪ್‌ನಲ್ಲಿ. ಪಂದ್ಯದ ಕೊನೆಯ ಕ್ಷಣಗಳ ಗೋಲಿನಿಂದ ಮಿಲ್ಟನ್ ಕೀನ್ಸ್ 2-1ರಿಂದ ಗೆದ್ದಿತು. ವಿಂಬಲ್ಡನ್‌ಗೆ ಅವರ ಮೇಲೆ ಮೊದಲ ಗೆಲುವು ಸಿಕ್ಕಿದ್ದು 2014ರಲ್ಲಿ, 3-2ರಿಂದ.

ಪ್ಲೌ ಲೇನ್‌ಗೆ ವಾಪಸ್

ಹಳೆಯ ಮೈದಾನದಲ್ಲಿ ಸೂಪರ್‌ಮಾರ್ಕೆಟ್ ಬರಲೇ ಇಲ್ಲ. 2002ರಲ್ಲಿ ಕೆಡವಿದರು, ಆಮೇಲೆ ಫ್ಲ್ಯಾಟುಗಳು ಎದ್ದವು. ಆ ವಸತಿ ಸಮುಚ್ಚಯದ ಹೆಸರು ರೆನಾಲ್ಡ್ಸ್ ಗೇಟ್, ನಾಲ್ಕು ಹೆಡರ್ ಹೊಡೆದ ಅದೇ ಎಡ್ಡಿ ರೆನಾಲ್ಡ್ಸ್ ನೆನಪಿಗೆ.

ಅಲ್ಲಿಂದ ಕೂಗಳತೆ ದೂರದಲ್ಲಿ, ಅದೇ ರಸ್ತೆಯಲ್ಲಿ ನಾಯಿ ಓಟದ ಸ್ಟೇಡಿಯಂ ಒಂದಿತ್ತು. ಆ ಜಾಗ ಸಿಕ್ಕಿತು. ಕಿಂಗ್ಸ್‌ಮೆಡೋವನ್ನು ಚೆಲ್ಸಿ ಕ್ಲಬ್ಬಿಗೆ ಮಾರಿ ಕಟ್ಟಲು ಶುರುಮಾಡಿದರು. 2019ರ ಕೊನೆಗೆ ದುಡ್ಡು ಸಾಲದಾಯಿತು. ಹೊರಗಿನ ಹೂಡಿಕೆದಾರರಿಗೆ ಪಾಲು ಕೊಡಬೇಕೇ ಎಂಬ ಚರ್ಚೆ ಎದ್ದಿತು. ಹಮ್ಮಾಮ್ ಕಾಲದ ಪ್ರಶ್ನೆಯೇ ಇನ್ನೊಂದು ವೇಷದಲ್ಲಿ ಬಂದಿತ್ತು. ಈ ಸಲ ತೀರ್ಮಾನಿಸುವವರು ಅಭಿಮಾನಿಗಳೇ. 2020ರ ಆರಂಭದಲ್ಲಿ ಪ್ಲೌ ಲೇನ್ ಬಾಂಡ್ ಎಂಬ ಸಾಲಪತ್ರ ಹೊರಡಿಸಿ, ತಮ್ಮೊಳಗೇ 50 ಲಕ್ಷ ಪೌಂಡಿಗೂ ಹೆಚ್ಚು ಕೂಡಿಸಿದರು. ಅದು ದಾನ ಅಲ್ಲ, ತೀರಿಸಬೇಕಾದ ಸಾಲ. ಆ ಹೊರೆ ಕ್ಲಬ್ಬಿನ ಮೇಲೆ ಬಿತ್ತು, ಆಟಗಾರರಿಗೆ ಕೊಡುವ ದುಡ್ಡೂ ಅದರಿಂದ ಬಿಗಿಯಾಗುತ್ತದೆ. ಅಭಿಮಾನಿಗಳ ಒಡೆತನವೆಂದರೆ ಎಲ್ಲ ಸುಖ ಎಂದು ಯಾರೂ ತಿಳಿಯಬಾರದು.

2020ರ ನವೆಂಬರ್ 3ರಂದು ಹೊಸ ಪ್ಲೌ ಲೇನ್‌ನಲ್ಲಿ ಡಾಂಕಾಸ್ಟರ್ ವಿರುದ್ಧ ಮೊದಲ ಪಂದ್ಯ ನಡೆಯಿತು, 2-2. ಕೊರೊನಾ ಕಾರಣ ಒಬ್ಬ ಪ್ರೇಕ್ಷಕನಿಗೂ ಪ್ರವೇಶ ಇರಲಿಲ್ಲ. 29 ವರ್ಷ ಕಾದವರು ಮನೆಯಲ್ಲಿ ಕೂತು ಪರದೆಯ ಮೇಲೆ ನೋಡಿದರು.

2022ರಲ್ಲಿ ತಂಡ ಒಂದು ಹಂತ ಕೆಳಗಿಳಿಯಿತು. 2024ರ ಸೆಪ್ಟೆಂಬರ್‌ನ ಮಳೆಗೆ ಪಕ್ಕದ ವ್ಯಾಂಡಲ್ ನದಿ ಉಕ್ಕಿ ಮೈದಾನದಲ್ಲಿ ದೊಡ್ಡ ಗುಂಡಿಯೇ ಬಿತ್ತು. ನ್ಯೂಕಾಸಲ್ ವಿರುದ್ಧದ ಲೀಗ್ ಕಪ್ ಪಂದ್ಯವನ್ನು ಎದುರಾಳಿಯ ಮೈದಾನಕ್ಕೆ ಒಯ್ಯಬೇಕಾಯಿತು. ಅದೇ ಸೀಸನ್ನಿನ ಕೊನೆಗೆ, 2025ರ ಮೇನಲ್ಲಿ, ವಾಲ್ಸಾಲ್ ತಂಡವನ್ನು 1-0ರಿಂದ ಸೋಲಿಸಿ ಮತ್ತೆ ಲೀಗ್ ಒನ್‌ಗೆ ಏರಿದರು. ಆಗ ಮಿಲ್ಟನ್ ಕೀನ್ಸ್ ಡಾನ್ಸ್ ಒಂದು ಹಂತ ಕೆಳಗೆ, ಲೀಗ್ ಟೂನಲ್ಲಿ ಉಳಿದಿತ್ತು.

2002ರ ನಂತರ ಇಂಗ್ಲೆಂಡಿನ ಯಾವ ಲೀಗ್ ಕ್ಲಬ್ಬಿಗೂ ಹೀಗೆ ಶಾಶ್ವತವಾಗಿ ಬೇರೆ ಊರಿಗೆ ಹೋಗಲು ಬಿಟ್ಟಿಲ್ಲ. 2025ರ ಜುಲೈನಲ್ಲಿ ಬ್ರಿಟಿಷ್ ಸಂಸತ್ತಿನ ಫುಟ್‌ಬಾಲ್ ಆಡಳಿತ ಕಾಯ್ದೆ ಜಾರಿಗೆ ಬಂತು. ಅದರಂತೆ ಸ್ವತಂತ್ರ ನಿಯಂತ್ರಕ ಸಂಸ್ಥೆಯೊಂದನ್ನು ಸ್ಥಾಪಿಸಲಾಗಿದೆ. ಕ್ಲಬ್ ತನ್ನ ಮೈದಾನ ಬಿಟ್ಟು ಬೇರೆಡೆ ಹೋಗಬೇಕಾದರೆ ಇನ್ನು ಮುಂದೆ ಆ ಸಂಸ್ಥೆಯ ಒಪ್ಪಿಗೆ ಬೇಕು. ಮೈದಾನ ಮಾರುವುದಕ್ಕೂ ಅಡ ಇಡುವುದಕ್ಕೂ ಒಪ್ಪಿಗೆ ಬೇಕು. ಕಾಯ್ದೆ ಬರೆದವರು ಊರು ಬಿಡುವ ದಿನವನ್ನಷ್ಟೇ ನೋಡದೆ ನೆಲ ಮಾರುವ ದಿನವನ್ನೂ ನೋಡಿದ್ದಾರೆ ಎಂಬುದು ನನಗೆ ಸಮಾಧಾನ ತಂದ ಸಂಗತಿ. ಈ ನಿಯಮ 1998ರಲ್ಲಿ ಇದ್ದಿದ್ದರೆ ಸೇಫ್‌ವೇ ಜೊತೆಗಿನ ವ್ಯವಹಾರವೇ ಮೊದಲು ಪ್ರಶ್ನೆಗೆ ಒಳಗಾಗುತ್ತಿತ್ತು.